ಕೆರೆ ನಿಮ್ಮದೇ, ಗಾಳ ಮಾತ್ರ ತರಬೇಡಿ

ನಮ್ಮ ಬಡಾವಣೆಯ ಕೆರೆ ಗೇಟಿನಲ್ಲಿ ಎರಡು ಬೋರ್ಡುಗಳಿವೆ. ಒಂದು: ‘ಸಮುದಾಯದ ಸಹಭಾಗಿತ್ವದಲ್ಲಿ ಅಭಿವೃದ್ಧಿಪಡಿಸಿದ ಕೆರೆ’. ಅದರ ಕೆಳಗೇ ಇನ್ನೊಂದು: ‘ಈಜುವುದು, ಬಟ್ಟೆ ಒಗೆಯುವುದು, ದನ ತೊಳೆಯುವುದು, ಮೀನು ಹಿಡಿಯುವುದು ನಿಷೇಧ’. ಅಂದರೆ ಕೆರೆಯಲ್ಲಿ ಮಾಡುವಂಥದ್ದು ಏನನ್ನೂ ಮಾಡೋ ಹಾಗಿಲ್ಲ. ಸುತ್ತ ನಡೀಬಹುದು. ಅದೂ ಬೆಳಿಗ್ಗೆ ಒಂಬತ್ತರೊಳಗೆ.

ಸಮುದಾಯ ಅಂದ್ರೆ ವಾಟ್ಸಾಪ್ ಗ್ರೂಪು ಅಂತ ನನಗೆ ತಡವಾಗಿ ಗೊತ್ತಾಯಿತು. ಮೊನ್ನೆ ಒಬ್ಬ ಹುಡುಗ ಬಿದಿರು ಕಡ್ಡಿಗೆ ನೈಲಾನ್ ದಾರ ಕಟ್ಟಿ, ತೆಂಗಿನ ಚಿಪ್ಪಿನಲ್ಲಿ ಎರೆಹುಳು ಇಟ್ಟುಕೊಂಡು ಏರಿ ಮೇಲೆ ಕೂತಿದ್ದ. ಐದು ನಿಮಿಷಕ್ಕೆ ಗ್ರೂಪಿನಲ್ಲಿ ಅವನ ಫೋಟೊ. ಹತ್ತು ನಿಮಿಷಕ್ಕೆ ವಾಚ್‌ಮನ್ ಹಾಜರು. ರಾತ್ರಿಯಿಡೀ ಕೆರೆಗೆ ಬೀಳುವ ಚರಂಡಿ ನೀರಿನ ಫೋಟೊ ಮಾತ್ರ ಯಾರೂ ಹಾಕಿಲ್ಲ. ನಿದ್ದೆ ಕೆಡಬೇಕಲ್ವಾ.

ಹಾಗೆ ನೋಡಿದರೆ ಸಹಭಾಗಿತ್ವ ಕಲಿಯೋಕೆ ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬದ ಕಡೆ ಹೋಗಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಅಲ್ಲಿ ಕೆರೆಬೇಟೆ. ಊರಿಗೆ ಊರೇ ಕೂಣಿ ಹಿಡಿದು ಒಟ್ಟಿಗೆ ಇಳಿಯುತ್ತದೆ. ಕೂಣಿ ಅಂದ್ರೆ ತಳವಿಲ್ಲದ ಬುಟ್ಟಿ. ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಹಾಕಿ ತಡಕಬೇಕು. ಸಿಕ್ಕರೆ ಮೀನು, ಇಲ್ಲದಿದ್ದರೆ ಮೊಣಕೈವರೆಗೆ ಕೆಸರು. ಒಪ್ಪಂದವಿಲ್ಲ, ಲೋಗೊ ಇಲ್ಲ, ಉದ್ಘಾಟನೆಗೆ ಬಂದವರ ಕೈಯಿಂದ ಮೀನುಮರಿ ಬಿಡಿಸುವ ಫೋಟೊ ಇಲ್ಲ. ಪಾಪ, ಹಿಂದುಳಿದ ಜನ.

ನಾವು ಮುಂದುವರಿದವರು. ಕೆರೆ ಕಾಯಲಿ ಅಂತ 2014ರಲ್ಲಿ ಕಾನೂನು ಮಾಡಿ ಪ್ರಾಧಿಕಾರ ಕಟ್ಟಿದೆವು. 2018ರಲ್ಲಿ ಅದಕ್ಕೇ ಬಾಗಿಲು ಹಾಕಿದೆವು. ನಡುವೆ, 2016ರ ಮಾರ್ಚ್‌ನಲ್ಲಿ, ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ನೀರಿನಲ್ಲಿ ಆಮ್ಲಜನಕ ಇರಲಿಲ್ಲವಂತೆ. ಅಷ್ಟೂ ಮೀನು ಸಾಯಿಸೋಕೆ ಯಾರೂ ಲೈಸೆನ್ಸ್ ಕೇಳಲಿಲ್ಲ. ಬೆರಳುದ್ದದ ಒಂದು ಜಿಲೇಬಿ ಮೀನು ಹಿಡಿಯೋಕೆ ಬಂದ ಹುಡುಗನ ಹತ್ತಿರ ಮಾತ್ರ ಕೇಳುತ್ತೇವೆ. ತಮಾಷೆ ಮಾಡೋಕೂ ಬೇಜಾರು. ಬೇಲಿ ಹಾಕಿ, ಬೀಗ ಹಾಕಿ, ಒಳಗೆ ಕೊಚ್ಚೆ ಬಿಟ್ಟು, ಅದಕ್ಕೆ ‘ನಿಮ್ಮ ಕೆರೆ’ ಅಂತ ಹೆಸರಿಟ್ಟರೆ ಯಾರು ನಂಬಬೇಕು?

ಹಳ್ಳಿ ಕಡೆಯ ಕಥೆ ಬೇರೆ. ಅಲ್ಲಿ ಕೆರೆ ಹರಾಜಾಗುತ್ತದೆ. ಆಮೇಲೆ ಗಾಳ ಹಾಕಿದವನನ್ನು ಓಡಿಸೋದು ಗುತ್ತಿಗೆದಾರನ ಆಳು. ಬೈಗುಳ ಮಾತ್ರ ಒಂದೇ.

ಅಂದ ಹಾಗೆ, ಆ ಹುಡುಗನ ಗಾಳ ಈಗ ವಾಚ್‌ಮನ್ ಶೆಡ್ಡಿನ ಮೂಲೆಯಲ್ಲಿದೆ. ನಿನ್ನೆ ನೋಡಿದೆ. ಕೊಕ್ಕೆಯಲ್ಲಿ ಹೊಸ ಹುಳು ಇತ್ತು.