ಗೋಡೆಗೆ ಏರಿದ ದಾರ, ಬುಧವಾರಕ್ಕೆ ಬಿದ್ದ ತೂತು

ಸೀರೆಯ ಸೆರಗಿಗೆ ಕುಚ್ಚು ಕಟ್ಟುವುದನ್ನು ನಾನು ಹವ್ಯಾಸವೆಂದು ಹೇಳಿಕೊಳ್ಳುತ್ತೇನೆ. ನಮ್ಮ ಮನೆಯವರು ಅದನ್ನು ಕಸವೆಂದು ಕರೆಯುತ್ತಾರೆ. ಅವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ವಾದಿಸಲಾರೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತೆರೆದರೆ ಮಣಿ, ಪೇಡೆಯ ಡಬ್ಬಿ ತೆರೆದರೆ ಜರಿ, ದಿಂಬಿನ ಚೀಲಕ್ಕೆ ಕೈ ಹಾಕಿದರೆ ರೇಷ್ಮೆ ದಾರದ ಉಂಡೆ ಸಿಗುತ್ತಿದ್ದ ಕಾಲವೊಂದಿತ್ತು. ಒಂದು ದಿನ ಅತ್ತೆಯವರು ಸಾಸಿವೆಯೆಂದು ಒಗ್ಗರಣೆಗೆ ಹಾಕಿದ್ದು ನನ್ನ ಕಪ್ಪು ಮಣಿಗಳನ್ನು. ಅವು ಚಟಪಟ ಸಿಡಿಯುವ ಬದಲು ಮೆಲ್ಲಗೆ ಕರಗತೊಡಗಿದಾಗ, ನನ್ನ ಸಾಮಾನುಗಳೆಲ್ಲ ಕಣ್ಣಿಗೆ ಕಾಣುವಂತೆ ಗೋಡೆ ಏರಬೇಕೆಂದು ಮನೆಯಲ್ಲಿ ಒಮ್ಮತದ ತೀರ್ಮಾನವಾಯಿತು.

ಗೋಡೆಗೆ ಸಾಮಾನು ಹೊರಿಸುವುದು ನಮ್ಮವರಿಗೆ ಹೊಸತಲ್ಲ. ನನ್ನ ತವರಿನ ಹಳೆಯ ಮನೆಯಲ್ಲಿ ದೀಪಕ್ಕೆ ಗೂಡಿತ್ತು, ಬಟ್ಟೆಗೆ ಗಿಳಿಗೂಟವಿತ್ತು, ಹಿತ್ತಾಳೆಯ ಪಾತ್ರೆಗಳಿಗೆ ನಾಗಂದಿಗೆಯಿತ್ತು. ಆದರೆ ಅವು ಎರಡಡಿ ದಪ್ಪದ ಗೋಡೆಗಳು. ನಮ್ಮ ಈಗಿನ ಮನೆಯಲ್ಲಿ ಕೋಣೆಗೂ ಅಡುಗೆಮನೆಗೂ ನಡುವೆ ಇರುವುದು ನಾಲ್ಕೂವರೆ ಇಂಚಿನ ಇಟ್ಟಿಗೆ ಮತ್ತು ಎರಡು ಬದಿಯ ಗಾರೆ. ಅದರಲ್ಲಿ ಗೂಡು ಕೊರೆದರೆ ಕಿಟಕಿಯಾಗುತ್ತದೆ.

ಆದ್ದರಿಂದ ಪೆಗ್ ಬೋರ್ಡ್ ತರಿಸಿದೆ. ನಾಲ್ಕಡಿ ಉದ್ದ, ಎರಡಡಿ ಅಗಲದ ಹಲಗೆಯ ತುಂಬ ಇಂಚಿಗೊಂದರಂತೆ ಸಾವಿರಕ್ಕೂ ಮೇಲೆ ತೂತುಗಳು; ಬೇಕಾದ ತೂತಿಗೆ ಕೊಕ್ಕೆ ಸಿಕ್ಕಿಸಿ ಬೇಕಾದದ್ದನ್ನು ನೇತುಹಾಕಬಹುದು. "ತೂತಿಗೆಲ್ಲ ದುಡ್ಡು ಕೊಟ್ಟು ಬಂದಿದ್ದೀಯಲ್ಲ" ಎಂದು ಗೊಣಗಿದ ನಮ್ಮ ಮನೆಯವರು ಭಾನುವಾರ ತಾವೇ ಕೆಲಸಕ್ಕಿಳಿದರು.

ತಿರುಪು ಹಿಡಿದುಕೊಳ್ಳಲೆಂದು ಗೋಡೆಯ ತೂತಿಗೆ ತುರುಕುವ ಪ್ಲಗ್ಗಿಗೆ ಒಂದೂವರೆ ಇಂಚು ಆಳ ಧಾರಾಳವಾಯಿತು, ಡ್ರಿಲ್ಲಿನ ಬಿಟ್ಟಿಗೆ ಅಷ್ಟು ದೂರದಲ್ಲಿ ಟೇಪು ಸುತ್ತಿಕೊಂಡರೆ ಅಳತೆ ತಪ್ಪುವುದಿಲ್ಲ ಎಂದು ನಾನು ಹೇಳಿದ್ದೆ. ಅಳತೆ ತಮ್ಮ ಕೈಯಲ್ಲೇ ಇದೆ ಎಂದರು ಅವರು. ಕೈಯಲ್ಲಿದ್ದದ್ದು ಪರಿಚಯದ ಎಲೆಕ್ಟ್ರಿಷಿಯನ್ನಿಂದ ಎರವಲು ತಂದ, ಗೇಣುದ್ದವನ್ನೂ ಮೀರಿದ ಬಿಟ್ಟು. ಮೊದಲ ಮೂರು ತೂತುಗಳು ಇಟ್ಟಿಗೆಗೆ ತಾಗಿ ಮನೆಯನ್ನೇ ನಡುಗಿಸಿದವು. ನಾಲ್ಕನೆಯದು ಎರಡು ಇಟ್ಟಿಗೆಗಳ ಸಂದಿನ ಸಡಿಲ ಗಾರೆಗೆ ಬಿದ್ದು, ಬೆಣ್ಣೆಯಿಂದ ಕೂದಲು ತೆಗೆದಂತೆ ಸಲೀಸಾಗಿ ಸಾಗಿತು. ಆ ಸಲೀಸಿನ ಕಾರಣ ಅತ್ತೆಯವರ ಕೂಗಿನಿಂದ ತಿಳಿಯಿತು.

ಓಡಿ ಹೋಗಿ ನೋಡಿದರೆ, ಅಡುಗೆಮನೆಯ ಗೋಡೆಯಲ್ಲಿ ನೇತಾಡುತ್ತಿದ್ದ ಕ್ಯಾಲೆಂಡರಿನ ನಡುವಿನಿಂದ ಬಿಟ್ಟಿನ ತುದಿ ಗಿರ್ರನೆ ತಿರುಗುತ್ತ ಹೊರಬಂದಿದೆ. ಎದುರಿಗೆ ಅತ್ತೆಯವರು ಲಟ್ಟಣಿಗೆ ಎತ್ತಿ ಹಿಡಿದು ನಿಂತಿದ್ದಾರೆ. ಈ ಊರಿನಲ್ಲಿ ಇಂಥ ದೃಶ್ಯಕ್ಕೆ ವಿವರಣೆ ಬೇಕಿಲ್ಲ. ಕೋಟೆಯ ಮೇಲಿನ ಓಬವ್ವನ ಕಥೆಯಲ್ಲಿ ಗಂಡ ಊಟಕ್ಕೆ ಕುಳಿತಿದ್ದ, ಕಿಂಡಿಯಲ್ಲಿ ತೂರಿದವರು ಹೈದರಾಲಿಯ ಸೈನಿಕರು. ನಮ್ಮಲ್ಲಿ ಕಿಂಡಿ ಕೊರೆದವರೇ ಊಟಕ್ಕೆ ಕೂರಬೇಕಾದವರಾದ್ದರಿಂದ ಜೀವ ಉಳಿಯಿತು.

ಹಲಗೆಯನ್ನು ಗೋಡೆಗೆ ಒತ್ತಿ ತಿರುಪು ಬಿಗಿದ ಮೇಲೆ ಇನ್ನೊಂದು ಸಂಗತಿ ಹೊಳೆಯಿತು. ಕೊಕ್ಕೆಯ ಬಾಲ ತೂತಿನೊಳಗೆ ಹೋಗಿ ಮೇಲಕ್ಕೆ ಬಾಗಲು ಹಿಂದೆ ಅರ್ಧ ಇಂಚಾದರೂ ಜಾಗ ಇರಬೇಕು. ಸಾವಿರ ತೂತುಗಳಲ್ಲಿ ಒಂದಕ್ಕೂ ಕೊಕ್ಕೆ ಇಳಿಯಲಿಲ್ಲ. ಎಲ್ಲವನ್ನೂ ಬಿಚ್ಚಿ, ಹಿಂದೆ ಮರದ ರೀಪು ಕೊಟ್ಟು, ಮತ್ತೆ ಬಿಗಿಯುವ ಹೊತ್ತಿಗೆ ಸಂಜೆಯಾಯಿತು.

ಆದರೂ ಹೇಳಬೇಕು, ಗೋಡೆ ಸೊಗಸಾಗಿತ್ತು. ಅರಿಸಿನದಿಂದ ಹಿಡಿದು ನೇರಳೆಯವರೆಗೆ ಸಾಲುಸಾಲಾಗಿ ದಾರದ ಉಂಡೆಗಳು, ಕೆಳಗೆ ಕ್ರೋಶೆ ಕಡ್ಡಿಗಳು, ಗಾಜಿನ ಶೀಶೆಗಳಲ್ಲಿ ಮಣಿಗಳು. ನನ್ನ ಸಂಭ್ರಮ ಒಂದು ವಾರ ನಡೆಯಿತು. ಕತ್ತರಿ ತೆಗೆದರೆ ಕೊಕ್ಕೆಯೂ ಕಿತ್ತು ಕೈಗೆ ಬರುತ್ತಿದ್ದುದು ಸಣ್ಣ ಮಾತು. ಸುತ್ತಲ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನೆಟ್ಟಿರುವ ಊರಿನಲ್ಲಿ ಆಷಾಢದಲ್ಲಿ ಕಿಟಕಿ ತೆರೆದಿಟ್ಟದ್ದು ನನ್ನದೇ ತಪ್ಪು. ಉಂಡೆಗಳ ತುದಿಗಳೆಲ್ಲ ಬಿಚ್ಚಿಕೊಂಡು ಒಂದಕ್ಕೊಂದು ಹೆಣೆದುಕೊಂಡು, ಸಿಕ್ಕು ಬಿಡಿಸಲು ಎರಡು ಮಧ್ಯಾಹ್ನಗಳು ಬೇಕಾದವು. ಡಬ್ಬಿಯಲ್ಲಿದ್ದಾಗ ಯಾರ ಕಣ್ಣಿಗೂ ಬೀಳದ ಸಾಮಾನು ಗೋಡೆಗೆ ಬಂದ ಮೇಲೆ ಊರಿನ ಸ್ವತ್ತಾಯಿತು. "ಅಕ್ಕಾ, ಅಷ್ಟೊಂದು ಇದೆಯಲ್ಲ, ಒಂದು ಗೇಣು ಕೊಡಿ" ಎಂದು ಬಂದ ಪಕ್ಕದ ಮನೆಯ ಹುಡುಗಿಗೆ ಇಲ್ಲವೆನ್ನುವುದಾದರೂ ಹೇಗೆ? ಇದೆಯೆಂದು ಗೋಡೆಯೇ ಸಾರುತ್ತಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಬಿಸಿಲಿನಿಂದ. ಎದುರಿಗಿದ್ದದ್ದು ಪಡುವಣ ಕಿಟಕಿ. ಪರಿಚಯದವರೊಬ್ಬರು ಮಗಳ ಮದುವೆಗೆಂದು ನಮ್ಮ ಜಿಲ್ಲೆಯದೇ ಮೊಳಕಾಲ್ಮೂರಿನ ರೇಷ್ಮೆ ಸೀರೆ ತಂದುಕೊಟ್ಟಿದ್ದರು. ಅಂಚು ರಾಣಿ ಬಣ್ಣದ್ದು. ಗೋಡೆಯಿಂದ ರಾಣಿ ಬಣ್ಣದ ಉಂಡೆ ತೆಗೆದು, ರಾತ್ರಿ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಕುಚ್ಚು ಕಟ್ಟಿ ಮುಗಿಸಿದೆ. ಬೆಳಿಗ್ಗೆ ಸೆರಗು ಹರಡಿ ನೋಡಿದರೆ ಎಡತುದಿಯಲ್ಲಿ ತೊಳೆದು ಒಣಗಿಸಿದಂಥ ಪೇಲವ ಗುಲಾಬಿ, ಬಲಕ್ಕೆ ಹೋದಂತೆ ಗಾಢವಾಗುತ್ತ, ಕೊನೆಯ ಕುಚ್ಚು ಮಾತ್ರ ಅಪ್ಪಟ ರಾಣಿ. ಉಂಡೆಯ ಹೊರಸುತ್ತು ಬಿಸಿಲುಂಡು ಬಣ್ಣ ಬಿಟ್ಟಿತ್ತು, ಒಳಸುತ್ತು ನೆರಳಿನಲ್ಲಿ ಭದ್ರವಾಗಿತ್ತು. ಅದು ಹೊಸ ಡಿಸೈನು ಎಂದು ಹೇಳಿಬಿಡುವಂತೆ ನಮ್ಮ ಮನೆಯವರು ಸಲಹೆ ಕೊಟ್ಟರು. ಅಷ್ಟು ಧೈರ್ಯ ನನಗಿರಲಿಲ್ಲ. ಒಂದೊಂದಾಗಿ ಬಿಚ್ಚಿ, ಹೊಸ ಉಂಡೆ ತಂದು, ಮತ್ತೆ ಕಟ್ಟಿಕೊಟ್ಟೆ.

ಈಗ ಉಂಡೆಗಳು ಮರಳಿ ಬಿಸ್ಕತ್ತಿನ ಡಬ್ಬಿ ಸೇರಿವೆ, ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ಚೀಟಿ ಅಂಟಿಸಿದ್ದೇನೆ. ಖಾಲಿಯಾದ ಹಲಗೆಯನ್ನು ಅತ್ತೆಯವರು ಸದ್ದಿಲ್ಲದೆ ವಶಪಡಿಸಿಕೊಂಡಿದ್ದಾರೆ. ಅಲ್ಲೀಗ ಜರಡಿ, ಬೀಗದ ಕೈಗೊಂಚಲು, ಕರೆಂಟು ಬಿಲ್ಲು ತೂಗುತ್ತಿವೆ. ಕಿಂಡಿಗೆ ಬಿಳಿ ಸಿಮೆಂಟು ಮೆತ್ತಿದ್ದೇವೆ. ಕ್ಯಾಲೆಂಡರಿಗೆ ಮೆತ್ತುವಂತಿಲ್ಲ. ಡ್ರಿಲ್ಲಿನ ಬಿಟ್ಟು ಹಾಳೆಗಳನ್ನೆಲ್ಲ ಒಟ್ಟಿಗೇ ಕೊರೆದದ್ದರಿಂದ ಪ್ರತಿ ತಿಂಗಳೂ ಒಂದು ಬುಧವಾರ ಮಾಯವಾಗಿದೆ: ಜುಲೈ 16, ಆಗಸ್ಟ್ 13, ಸೆಪ್ಟೆಂಬರ್ 17. ಹಾಲಿನ ಲೆಕ್ಕ ಬರೆಯುವುದು ಅದರ ಮೇಲೆಯೇ. ಆ ಬುಧವಾರ ಹಾಲು ಹಾಕಿದ್ದೇನೆಂದು ಹಾಲಿನವನು ಹೇಳುತ್ತಾನೆ, ಬರೆದಿಲ್ಲವೆಂದು ಅತ್ತೆಯವರು ಹೇಳುತ್ತಾರೆ, ಡಿಸೆಂಬರ್ ಮುಗಿಯುವವರೆಗೆ ಆ ಅರ್ಧ ಲೀಟರಿನ ದುಡ್ಡನ್ನು ಡ್ರಿಲ್ಲು ಹಿಡಿದವರು ಕೊಡಬೇಕೆಂದು ತೀರ್ಪಾಗಿದೆ.