ನಾಲ್ಕು ಗೆರೆಗಳ ಹೊತ್ತು

ಮಗಳು ಕಚೇರಿಗೆ ಹೊರಡುವ ಅವಸರದಲ್ಲಿ ಮೇಜಿನ ಮೇಲೆ ಇಟ್ಟುಹೋದ ಔಷಧದ ಕಾಗದದ ಚೀಲದ ಮೇಲೆ ಒಂದು ಅಂಕಿ, ಒಂದು ಅಕ್ಷರ, ಮತ್ತೆ ಒಂದು ಅಂಕಿ, ಮತ್ತೆ ಒಂದು ಅಕ್ಷರ ಅಚ್ಚಾಗಿದ್ದವು. ಅಂಕಿಗಳು 1 ಮತ್ತು 3. ಮೊದಲ ಅಂಕಿಯ ಪಕ್ಕದ ಅಕ್ಷರ ನನಗೆ ಗೊತ್ತಿದ್ದುದೇ ಆಗಿತ್ತು. ಟೋಕಿಯೊದ ಎಡೊಗವಾ ವಾರ್ಡಿನ ನಿಶಿಕಸಾಯ್‌ನಲ್ಲಿರುವ ಮಗಳ ಮನೆಗೆ ಮೂರು ತಿಂಗಳ ಮಟ್ಟಿಗೆಂದು ಬಂದ ಮೊದಲ ವಾರದಲ್ಲೇ, ಗೋಡೆಯ ಕ್ಯಾಲೆಂಡರ್ ತೋರಿಸಿ ಅವಳು ಅದನ್ನು ಹೇಳಿಕೊಟ್ಟಿದ್ದಳು: ಅಂಕಿಯ ಮುಂದೆ ಈ ಚೌಕ ಇದ್ದರೆ ಅದು ತಾರೀಖು. ಆದ್ದರಿಂದ ಚೀಲದ ಮೇಲಿನ ಬರಹವನ್ನು ‘ಒಂದನೇ ತಾರೀಖು, ಮೂರು ಸಲ’ ಎಂದು ಸ್ವಂತ ಬಲದಿಂದ ಓದಿಕೊಂಡೆ. ಅಂದು ಇನ್ನೂ 27. ಕೆಮ್ಮಿನ ಮಾತ್ರೆಗೂ ಮುಹೂರ್ತವಿಡುವ ದೇಶ ಎಂದುಕೊಂಡು, ಬಿಸಿನೀರು ಕುಡಿದು ಮಲಗಿದೆ.

“ಅಪ್ಪಾ, ಮಾತ್ರೆ ತಗೊಂಡ್ರಾ?” ಎಂದು ಸಂಜೆ ಅವಳು ಕೇಳಿದಳು. ಒಂದನೇ ತಾರೀಖಿಗೆ ಇನ್ನೂ ಸಮಯವಿದೆಯಲ್ಲ ಎಂದೆ. ಅವಳು ಚೀಲವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ, ನಗು ಮುಗಿಸಿದ ಮೇಲೆ ಹೇಳಿದ್ದು ಇಷ್ಟು: ಕ್ಯಾಲೆಂಡರಿನಲ್ಲಿ ಅದೇ ಅಂಕಿ, ಅದೇ ಅಕ್ಷರ ಬಂದರೆ ‘ತ್ಸುಇತಚಿ’, ಅಂದರೆ ತಿಂಗಳ ಮೊದಲ ದಿನ. ಮಾತ್ರೆಯ ಚೀಲದ ಮೇಲೆ ಬಂದರೆ ‘ಇಚಿನಿಚಿ’, ಅಂದರೆ ಒಂದು ದಿನ. ದಿನಕ್ಕೆ ಮೂರು ಸಲ.

ಕಂಜಿ ಎಂದರೆ ನೆರೆಯ ತಮಿಳರ ಮನೆಯ ಗಂಜಿ ಎಂದಷ್ಟೇ ತಿಳಿದಿದ್ದ ನಾನು ಜಪಾನೀಯರ ಕಂಜಿಯನ್ನು, ಅಂದರೆ ಚೀನಾದಿಂದ ಬಂದ, ಒಂದೊಂದೂ ಒಂದು ಅರ್ಥವನ್ನು ಹೊತ್ತ ಅವರ ಅಕ್ಷರಗಳನ್ನು, ಕಲಿಯಲು ಕುಳಿತದ್ದು ಈ ಅವಮಾನದ ಮರುದಿನದಿಂದ. ಹೊತ್ತು ಹೋಗದಿದ್ದುದೂ ಒಂದು ಕಾರಣ. ಅಲ್ಲಿಯ ಶಾಲೆಯಲ್ಲಿ ಒಂದನೇ ತರಗತಿಯ ಮಕ್ಕಳಿಗೆ 80 ಕಂಜಿಗಳನ್ನು ಕಲಿಸುತ್ತಾರೆ, ದಿನಬಳಕೆಗೆಂದು 2010ರಲ್ಲಿ ಪರಿಷ್ಕರಿಸಿದ ಸರಕಾರಿ ಪಟ್ಟಿಯಲ್ಲಿ 2136 ಇವೆ ಎಂದು ಕೇಳಿದ ಮೇಲೆ ನನ್ನ ಮಹತ್ವಾಕಾಂಕ್ಷೆಯನ್ನು ಒಂದಕ್ಕೆ ಇಳಿಸಿಕೊಂಡೆ. ನನಗೆ ಮಾತ್ರೆ ತಪ್ಪಿಸಿದ ಆ ಚೌಕವೊಂದನ್ನಾದರೂ ಸರಿಯಾಗಿ ಕಲಿತು ಊರಿಗೆ ಹೋಗೋಣ ಎಂಬುದು ಸಂಕಲ್ಪ.

ನೋಡಲು ಅದು ನಡುವೆ ಒಂದು ಅಡ್ಡಪಟ್ಟಿಯಿರುವ ಕಿಟಕಿ, ಅಗಲಕ್ಕಿಂತ ಎತ್ತರ ತುಸು ಹೆಚ್ಚು. ಚೀನಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಆಮೆಯ ಚಿಪ್ಪು, ಎತ್ತಿನ ಹೆಗಲೆಲುಬುಗಳ ಮೇಲೆ ಶಕುನ ಕೇಳಿ ಬರೆದಿಡುತ್ತಿದ್ದ ಕಾಲದಲ್ಲಿ ಇದು ನಡುವೆ ಚುಕ್ಕಿಯಿಟ್ಟ ದುಂಡು ಸೂರ್ಯನ ಚಿತ್ರವಾಗಿತ್ತು. ಎಲುಬಿನ ಮೇಲೆ ಚೂಪಾದ ಮೊನೆಯಿಂದ ದುಂಡಗೆ ಕೊರೆಯುವುದು ಕಷ್ಟವಾದ್ದರಿಂದ ಸೂರ್ಯನಿಗೆ ಮೂಲೆಗಳು ಬಂದವು, ಚುಕ್ಕಿ ಎಳೆದುಕೊಂಡು ಗೆರೆಯಾಯಿತು. ಐದು ಗೆರೆ ಕಾಣುತ್ತದೆಯಾದರೂ ಬರೆಯಬೇಕಾದದ್ದು ನಾಲ್ಕೇ. ಮೊದಲು ಎಡಗಡೆಯ ಕಂಬ. ಆಮೇಲೆ ಮೇಲಿನ ತೊಲೆಯನ್ನು ಎಳೆದು, ಕೈ ಎತ್ತದೆ ಮೂಲೆಯಲ್ಲಿ ತಿರುಗಿಸಿ, ಬಲಗಡೆಯ ಕಂಬವನ್ನೂ ಅದೇ ಎಳೆತದಲ್ಲಿ ಇಳಿಸಬೇಕು. ಮೂರನೆಯದು ನಡುವಿನ ಪಟ್ಟಿ. ಕಟ್ಟಕಡೆಗೆ ಕೆಳಗಿನ ಹೊಸ್ತಿಲು. ನಾನು ಸಹಜವಾಗಿ ಚೌಕವನ್ನು ಪೂರ್ತಿ ಮುಗಿಸಿ ನಡುವಿನ ಗೆರೆ ಹಾಕುತ್ತಿದ್ದೆ. ವಾರ್ಡಿನ ಸಮುದಾಯ ಭವನದಲ್ಲಿ ಪರದೇಶದವರಿಗೆ ಉಚಿತವಾಗಿ ಪಾಠ ಹೇಳುವ ವೃದ್ಧೆಯೊಬ್ಬರು, ನಾನು ಬರೆದು ಮುಗಿಸಿದ ಅಕ್ಷರದಲ್ಲೇ ಇದನ್ನು ಹೇಗೋ ಪತ್ತೆ ಮಾಡುತ್ತಿದ್ದರು. ಬಾಗಿಲು ಹಾಕಿದ ಮೇಲೆ ಒಳಗೆ ಹೋಗುವುದು ಹೇಗೆ ಎಂದು ಅವರು ಕೈಸನ್ನೆಯಲ್ಲಿ ಕೇಳಿದ ಮೇಲೆ ಆ ತಪ್ಪು ಮರುಕಳಿಸಲಿಲ್ಲ.

ಬರೆಯುವುದು ಎರಡು ದಿನದ ಕೆಲಸವಾದರೆ ಓದುವುದು ಮೂರು ತಿಂಗಳಿಗೂ ಮುಗಿಯಲಿಲ್ಲ. ಕಾಡಿನಲ್ಲಿದ್ದರೂ ಕಮಲದಲ್ಲಿದ್ದರೂ ಕಕಾರ ಕಕಾರವೇ ಎಂಬ ಭರವಸೆಯಲ್ಲಿ ಬೆಳೆದವರು ನಾವು. ಈ ಅಕ್ಷರವೋ, ಪ್ರತಿದಿನ ಎಂಬಲ್ಲಿ ‘ನಿಚಿ’, ರಜಾದಿನ ಎಂಬಲ್ಲಿ ‘ಜಿತ್ಸು’, ಒಂಟಿಯಾಗಿ ನಿಂತರೆ ‘ಹಿ’, ಹುಟ್ಟುಹಬ್ಬದ ‘ತಂಜೋಬಿ’ಯಲ್ಲಿ ‘ಬಿ’, ಅರ್ಜಿ ನಮೂನೆಗಳಲ್ಲಿ ಹುಟ್ಟಿದ ದಿನಾಂಕ ಕೇಳುವ ‘ಸೇನೆಂಗಪ್ಪಿ’ಯಲ್ಲಿ ‘ಪಿ’, ಎರಡನೇ ತಾರೀಖಿನ ‘ಫುತ್ಸುಕ’ದಲ್ಲಿ ‘ಕ’. ಒಂದನೇ ತಾರೀಖಿನ ‘ತ್ಸುಇತಚಿ’ಯಲ್ಲಂತೂ ಯಾವ ಭಾಗ ಒಂದು, ಯಾವ ಭಾಗ ದಿನ ಎಂದು ಬಿಡಿಸಲು ಬರುವುದಿಲ್ಲ, ಅದು ‘ತಿಂಗಳು ಮೂಡುವುದು’ ಎಂಬ ಹಳೆಯ ಮಾತು ಸವೆದು ಉಳಿದದ್ದು, ಅದರ ಮೇಲೆ ಎರಡು ಅಕ್ಷರಗಳನ್ನು ಹೊದಿಸಿದ್ದಾರೆ.

ಇದೆಂಥ ಅರಾಜಕತೆ ಎಂದು ಮಗಳ ಬಳಿ ಗೊಣಗಿದೆ. ಅವಳು ಕಾಗದದ ಮೇಲೆ 2 ಎಂದು ಬರೆದು ಇದೇನು ಎಂದಳು. ಎರಡು ಎಂದೆ. ಪಕ್ಕದಲ್ಲಿ ಸೊನ್ನೆ ಹಾಕಿದಳು, ಇಪ್ಪತ್ತು ಎಂದೆ. ಇನ್ನೊಂದು ಸೊನ್ನೆ, ಇನ್ನೂರು. ಸೊನ್ನೆಗಳನ್ನು ಹೊಡೆದುಹಾಕಿ ‘2 ಜನ’ ಎಂದು ಬರೆದಳು, ಇಬ್ಬರು ಎಂದೆ. “ಮತ್ತೆ ಎರಡು ಎಲ್ಲಿ ಹೋಯ್ತಪ್ಪಾ?” ಎಂದಳು. ಉತ್ತರವಿರಲಿಲ್ಲ. ನಮಗೂ ಕಂಜಿಗಳುಂಟು, ಅವುಗಳನ್ನು ಅಂಕಿಗಳೆಂದು ಕರೆದು ಸುಮ್ಮನಿದ್ದೇವೆ. ಜನರನ್ನು ಎಣಿಸುವಾಗ ಜಪಾನೀಯರೂ ಒಬ್ಬರು, ಇಬ್ಬರು ಎಂಬುದಕ್ಕೆ ‘ಹಿತೊರಿ’, ‘ಫುತರಿ’ ಎಂಬ ಪ್ರತ್ಯೇಕ ಮಾತುಗಳನ್ನಿಟ್ಟುಕೊಂಡು, ಮೂವರಿಂದಾಚೆಗೆ ಬಹುಮಟ್ಟಿಗೆ ಅಂಕಿಗೆ ‘ನಿನ್’ ಎಂದು ಸೇರಿಸಿ ಮುಂದೆ ಹೋಗುತ್ತಾರೆ. ನಾವು ಐವರವರೆಗೆ ಹಟ ಹಿಡಿದು, ಆಮೇಲೆ ಆರು ಜನ ಎಂದು ಸೋಲುತ್ತೇವೆ.

ಆಮೇಲೆ ಒಂದೊಂದೇ ಗಂಟು ಬಿಡಿಸಿಕೊಂಡಿತು. ನಿಚಿ ಮತ್ತು ಜಿತ್ಸು ಎರಡೂ ಚೀನಾದಿಂದ ಬಂದ ಒಂದೇ ಮಾತು. ಮೊದಲನೆಯದು ಮುಂಚೆ ಬಂದು ನೆಲೆಯೂರಿತು, ಎರಡನೆಯದು ತಾಂಗ್ ದೊರೆಗಳ ಕಾಲದ ಉಚ್ಚಾರವನ್ನು ಹೊತ್ತು ತಡವಾಗಿ ಬಂತು. ಸಂಜೆ ಮನೆಯೊಳಗೆ ಇದ್ದಾಗಲೇ ಸಂಧ್ಯೆಯನ್ನೂ ಬರಮಾಡಿಕೊಂಡ ಕನ್ನಡಿಗರಿಗೆ ಇದರಲ್ಲಿ ಬೆರಗಾಗುವಂಥದ್ದೇನಿಲ್ಲ. ಹಿ ಎಂಬುದು ಜಪಾನೀಯರ ಸ್ವಂತದ ಮಾತು. ಅದು ಸಮಾಸದಲ್ಲಿ ಬಿ ಆಗುವುದನ್ನು ಆ ವೃದ್ಧೆ ಬಹಳ ಕಷ್ಟಪಟ್ಟು, ಚಿತ್ರ ಬರೆದು ವಿವರಿಸಿದರು. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಕಣ್ ಮತ್ತು ಪನಿ ಸೇರಿ ಕಂಬನಿ ಎಂದು ಪ್ರೌಢಶಾಲೆಯ ವ್ಯಾಕರಣದ ಮೇಷ್ಟರು ಬೆತ್ತದ ಸಹಾಯದಿಂದ ಕಲಿಸಿದ್ದ ಆದೇಶ ಸಂಧಿ ಐವತ್ತು ವರ್ಷ ತಡವಾಗಿ, ನಾಲ್ಕು ಸಮುದ್ರ ದಾಟಿ ನನ್ನ ನೆರವಿಗೆ ಬಂತು. ಹಕಾರ ಬಕಾರವಾಗುವುದು ಹೇಗೆ ಎಂಬ ಸಂಶಯಕ್ಕೂ ಉತ್ತರ ನಮ್ಮಲ್ಲೇ ಇತ್ತು. ಪಾಲು ಹಾಲಾಗಿ, ಪೂವು ಹೂವಾದಂತೆ ಅವರ ಹಕಾರವೂ ಬಹು ಹಿಂದೆ ಪಕಾರವಾಗಿತ್ತು. ಸೇನೆಂಗಪ್ಪಿಯ ಬಾಲದಲ್ಲಿ ಕೇಳುವ ಪಿ, ನಮ್ಮ ಒಪ್ಪೊತ್ತಿನ ಪೊತ್ತಿನ ಹಾಗೆ, ಆ ಕಾಲದ ನೆನಪು. ಎರಡು ಭಾಷೆಗಳಿಗೆ ನಂಟುಂಟೆಂದು ನಾನು ವಾದಿಸುತ್ತಿಲ್ಲ. ಅಂಥ ವಾದಗಳನ್ನು ಹೂಡಲು ಬೇರೆ ಬಗೆಯ ಧೈರ್ಯ ಬೇಕು.

ಒಪ್ಪೊತ್ತು ಎಂಬ ಮಾತು ಬಾಯಿಗೆ ಬಂದ ದಿನವೇ ನನಗೆ ಈ ಅಕ್ಷರ ನಿಜವಾಗಿ ಅರ್ಥವಾದದ್ದು. ಅಲ್ಲಿಯವರೆಗೆ ಅದರ ಅರ್ಥವನ್ನು ‘ಸೂರ್ಯ, ಬಿಸಿಲು, ದಿನ’ ಎಂದು ಮೂರು ಮಾತುಗಳಲ್ಲಿ ಬರೆದಿಟ್ಟುಕೊಂಡಿದ್ದೆ, ಮೂರರಲ್ಲಿ ಎಲ್ಲಿ ಯಾವುದು ಎಂದು ಪ್ರತಿಸಲವೂ ತಡಕಾಡುತ್ತಿದ್ದೆ. ಹಳಗನ್ನಡದ ಪೊೞ್ತು ಹೊಸಗನ್ನಡದಲ್ಲಿ ಹೊತ್ತು. ಹೊತ್ತು ಮೂಡಿತು ಎಂದರೆ ಸೂರ್ಯ ಹುಟ್ಟಿದ. ಹೊತ್ತೇರಿತು, ಇನ್ನೂ ಮಲಗಿದ್ದೀಯಲ್ಲ ಎಂದು ಅಜ್ಜಿ ಬೈದರೆ ಬಿಸಿಲು ಬಂತೆಂದೂ ಆಯಿತು, ತಡವಾಯಿತೆಂದೂ ಆಯಿತು. ಎಷ್ಟು ಹೊತ್ತು ಎಂದರೆ ಬರೀ ಕಾಲ. ಸೂರ್ಯ ಯಾವಾಗ ಕಾಲವಾದ ಎಂದು ಅಜ್ಜಿಯನ್ನು ಯಾರೂ ಕೇಳಲಿಲ್ಲ. ನನ್ನ ಚೌಕವೂ ಅಜ್ಜಿಯ ಹೊತ್ತೇ. ಅದರ ಜೊತೆಯ ಅಕ್ಷರ, ಚಂದ್ರನಿಗೂ ಮಾಸಕ್ಕೂ ಒಂದೇ ಆಗಿರುವುದು, ನಮ್ಮ ತಿಂಗಳು. ಇನ್ನೂ ಹತ್ತಿರ ಹೋದರೆ, ಇವತ್ತು ಎನ್ನಲು ಜಪಾನೀಯರು ‘ಈಗ’ ಎಂಬ ಅಕ್ಷರದ ಪಕ್ಕ ಈ ಚೌಕವನ್ನು ಬರೆದು, ಎರಡನ್ನೂ ಕೂಡಿಸಿ ‘ಕ್ಯೋ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಬರೆದದ್ದಕ್ಕೂ ಹೇಳುವುದಕ್ಕೂ ಸಂಬಂಧವಿಲ್ಲವಲ್ಲ ಎಂದು ರೇಗಿದ್ದ ನನಗೆ ಆಮೇಲೆ ಹೊಳೆಯಿತು, ನಮ್ಮ ಇವತ್ತು ಕೂಡ ಈ ಮತ್ತು ಹೊತ್ತು ಸೇರಿ ಕರಗಿದ ಮಾತೇ. ಅರುವತ್ತಾರು ವರ್ಷ ದಿನವೂ ಹೇಳಿದ ಮಾತಿನ ಒಳಗೆ ಸೂರ್ಯನಿದ್ದಾನೆಂದು ತಿಳಿಯಲು ಟೋಕಿಯೊಗೆ ಹೋಗಬೇಕಾಯಿತು.

ಇಷ್ಟಾದ ಮೇಲೆ ವಾರಗಳು ಸುಲಭವಾದವು. ಜಪಾನೀಯರ ಭಾನುವಾರ ‘ನಿಚಿಯೋಬಿ’. ಮೂರು ಅಕ್ಷರಗಳಲ್ಲಿ ಮೊದಲನೆಯದೂ ಕೊನೆಯದೂ ನನ್ನ ಚೌಕವೇ, ಮುಂದೆ ನಿಚಿ, ಹಿಂದೆ ಬಿ, ಮುಂದಿನದು ಸೂರ್ಯ, ಹಿಂದಿನದು ದಿನ. ಸೋಮವಾರಕ್ಕೆ ಚಂದ್ರ, ಮಂಗಳನಿಗೆ ಬೆಂಕಿ, ಬುಧನಿಗೆ ನೀರು, ಗುರುವಿಗೆ ಮರ, ಶುಕ್ರನಿಗೆ ಲೋಹ, ಶನಿಗೆ ಮಣ್ಣು. ಕಸ ಯಾವ ವಾರ ಹೊರಗಿಡಬೇಕೆಂದು ಮನೆಮನೆಗೆ ಹಂಚುವ ಕಾಗದದಲ್ಲಿ ಈ ಒಂದೊಂದೇ ಅಕ್ಷರಗಳಿರುತ್ತವೆ. ನಮ್ಮ ಪಂಚಾಂಗದ ಗ್ರಹಗಳು ಅಲ್ಲಿ ಕಸದ ಮೇಲ್ವಿಚಾರಣೆ ನಡೆಸುತ್ತಿವೆ. ಹೋಲಿಕೆ ಕಾಕತಾಳೀಯವಲ್ಲ. 8ನೇ ಶತಮಾನದ ಚೀನಾದಲ್ಲಿ ಅಮೋಘವಜ್ರನೆಂಬ ಬೌದ್ಧ ಆಚಾರ್ಯ ನಕ್ಷತ್ರ, ಗ್ರಹ, ವಾರಗಳ ಭಾರತೀಯ ಜ್ಯೋತಿಷವನ್ನು ಚೀನೀ ಭಾಷೆಗೆ ತಂದ. ಆ ಗ್ರಂಥವನ್ನು ಕೂಕಾಯ್ ಎಂಬ ಜಪಾನೀ ಸನ್ಯಾಸಿ 806ರಲ್ಲಿ ತನ್ನ ದೇಶಕ್ಕೆ ಒಯ್ದ. ಆದರೂ ಶತಮಾನಗಳ ಕಾಲ ಅದು ಪಂಚಾಂಗದ ಮೂಲೆಯಲ್ಲೇ ಉಳಿದಿತ್ತು, ಭಾನುವಾರ ಸರಕಾರಿ ರಜೆಯಾದದ್ದು 1876ರಲ್ಲಿ.

ದೇಶದ ಹೆಸರಿನಲ್ಲಿಯೂ ಮೊದಲ ಅಕ್ಷರ ಇದೇ. ಎರಡನೆಯದು ಮರದ ಬುಡಕ್ಕೆ ಗುರುತು ಹಾಕಿದ ಅಕ್ಷರ, ಎಂದರೆ ಮೂಲ. ಹೊತ್ತಿನ ಮೂಲ, ಮೂಡಣ ನಾಡು. 607ರಲ್ಲಿ ಚೀನಾದ ಚಕ್ರವರ್ತಿಗೆ ಬಂದ ಓಲೆ ‘ಹೊತ್ತು ಮೂಡುವ ನಾಡಿನ ದೇವಪುತ್ರನಿಂದ ಹೊತ್ತು ಮುಳುಗುವ ನಾಡಿನ ದೇವಪುತ್ರನಿಗೆ’ ಎಂದು ಆರಂಭವಾಗಿತ್ತೆಂದೂ ಆತ ಸಿಟ್ಟಾದನೆಂದೂ ಸುಯಿ ರಾಜವಂಶದ ಇತಿಹಾಸ ಹೇಳುತ್ತದೆ. ಮುಳುಗುವ ಕಡೆಗೆ ಸೇರಿಸಿದರೆ ಯಾರಿಗೆ ತಾನೆ ಹಿತವಾಗುತ್ತದೆ. ಆದರೆ ಈ ಎರಡು ಅಕ್ಷರಗಳನ್ನು ನಿಹೊನ್ ಎನ್ನಬೇಕೋ ನಿಪ್ಪೊನ್ ಎನ್ನಬೇಕೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. 2009ರಲ್ಲಿ ಅಲ್ಲಿಯ ಸಂಸತ್ತಿನಲ್ಲಿ ಪ್ರಶ್ನೆ ಎದ್ದಾಗ, ಎರಡೂ ಬಳಕೆಯಲ್ಲಿವೆ, ಒಂದನ್ನೇ ಗೊತ್ತುಮಾಡುವ ಅಗತ್ಯವಿಲ್ಲ ಎಂದು ಮಂತ್ರಿಮಂಡಲ ಲಿಖಿತ ಉತ್ತರ ಕೊಟ್ಟಿತು. ಟೋಕಿಯೊದಲ್ಲಿ ನಿಹೊಂಬಾಶಿ ಎಂಬ ಸೇತುವೆ ಇದೆ. ಅವೇ ಮೂರು ಅಕ್ಷರಗಳನ್ನು ಒಸಾಕಾದಲ್ಲಿ ನಿಪ್ಪೊಂಬಾಶಿ ಎಂದು ಓದುತ್ತಾರೆ. ಸ್ವಂತ ದೇಶದ ಹೆಸರಿನ ಓದನ್ನೇ ಬಾಯಿಯ ಅನುಕೂಲಕ್ಕೆ ಬಿಟ್ಟವರ ಎದುರು ನಾನು ಒಂದು ಚೀಲದ ಮೇಲಿನ ಬರಹವನ್ನು ತಪ್ಪಾಗಿ ಓದಿದ್ದು ದೊಡ್ಡ ಅಪರಾಧವಲ್ಲವೆಂದು ಸಮಾಧಾನವಾಯಿತು.

ಕಲಿತ ಅಕ್ಷರವನ್ನು ಬೀದಿಯಲ್ಲಿ ಗುರುತು ಹಿಡಿಯುವ ಚಟ ಮಾತ್ರ ಅಂಟಿತು. ಸಂಜೆಯ ನಡಿಗೆಯಲ್ಲಿ ಅದು ಬೇರೆ ಅಕ್ಷರಗಳ ಒಳಗೆ ಅಡಗಿ ಕುಳಿತಿರುವುದು ಕಾಣುತ್ತಿತ್ತು. ಪಕ್ಕದಲ್ಲಿ ಚಂದ್ರ ನಿಂತರೆ ಬೆಳಕು. ಮೂರು ಹೊತ್ತುಗಳನ್ನು ಒಟ್ಟಿದರೆ ಸ್ಫಟಿಕದ ಹೊಳಪು. ಅಡ್ಡಗೆರೆಯ ಮೇಲೆ ಕುಳಿತರೆ ದಿಗಂತದಲ್ಲಿ ಮೂಡಿದ ಬೆಳಗು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ನಡುವಣ ತೆರಪು’ ಎಂಬ ಅಕ್ಷರ. ಎರಡು ಕದಗಳ ದೊಡ್ಡ ಬಾಗಿಲು, ಅದರ ಸಂದಿನಲ್ಲಿ ನನ್ನ ಚೌಕ. ಮುಚ್ಚಿದ ಬಾಗಿಲ ಬಿರುಕಿನಿಂದ ಬಿಸಿಲು ಒಳಗೆ ಬೀಳುವುದನ್ನು ನೋಡಿದವರಿಗೆ ಇದರ ಅರ್ಥವನ್ನು ಹೇಳಿಕೊಡಬೇಕಾಗಿಲ್ಲ. ರೈಲು ನಿಲ್ದಾಣದ ಹತ್ತಿರದ ಊಟದ ಮನೆಯ ಹಲಗೆಯ ಮೇಲೆ ‘ಹಿಗವಾರಿ’ ಎಂದಿರುವುದು ದಿನಕ್ಕೊಂದು ಬಗೆಯ ಊಟ ಎಂದು ಓದಿ ಉಬ್ಬಿದೆ. ಇವತ್ತಿನ ಬಗೆ ಯಾವುದೆಂದು ಓದಲು ಬೇಕಾದ ಮೀನಿನ ಅಕ್ಷರ ಮಾತ್ರ ನನ್ನ ಸಂಕಲ್ಪದ ಹೊರಗಿತ್ತು. ಮಗಳು ಸಕಾಲಕ್ಕೆ ತಡೆದಳು.

ಶುರುಮಾಡಿದ ಕೆಲಸವನ್ನು ಬೇಗ ಕೈಬಿಡುವವನಿಗೆ ಜಪಾನೀಯರು ‘ಮಿಕ್ಕಬೋಜು’ ಎನ್ನುತ್ತಾರೆ, ಮೂರು ದಿನದ ಸನ್ಯಾಸಿ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದ ಎಂಬ ನಮ್ಮ ಗಾದೆಯ ಅಗಸ ಅಲ್ಲಿ ತಲೆ ಬೋಳಿಸಿಕೊಂಡಿದ್ದಾನೆ. ಆ ಮೂರು ದಿನದ ‘ಕ’ ಕೂಡ ನನ್ನ ಚೌಕವೇ ಆದ್ದರಿಂದ, ಅದನ್ನು ಮೂರು ದಿನಕ್ಕೆ ಬಿಡುವುದು ಸರಿಯಲ್ಲವೆಂದು ಹೊರಡುವ ಹಿಂದಿನ ವಾರದವರೆಗೂ ಸಮುದಾಯ ಭವನಕ್ಕೆ ಹೋಗುತ್ತಿದ್ದೆ. ಕೊನೆಯ ದಿನ ಆ ವೃದ್ಧೆ ಚುಕ್ಕಿಗೆರೆಗಳ ಮನೆಗಳಿರುವ ಪುಸ್ತಕ ಕೊಟ್ಟು ಒಂದು ಸಾಲು ಬರೆಸಿದರು. ಹತ್ತು ಮನೆಗಳಲ್ಲೂ ಬರೆದು ಒಪ್ಪಿಸಿದೆ. ಕೆಂಪು ಪೆನ್ನು ಹಿಡಿದು ನೋಡುತ್ತ ಹೋದವರು ನಾಲ್ಕನೆಯ ಮನೆಯಲ್ಲಿ ನಿಂತು, “ಇವಾಕು” ಎಂದು ನಕ್ಕರು. ನಾನು ಅಗಲವನ್ನು ಕೊಂಚ ಹೆಚ್ಚಿಸಿದ್ದೆ. ಇದೇ ಗೆರೆಗಳು, ಇದೇ ಕ್ರಮ, ಅಗಲ ಹೆಚ್ಚಾಗಿ ಎತ್ತರ ತಗ್ಗಿದರೆ ಅದು ಬೇರೊಂದು ಅಕ್ಷರ. ಅದರ ಅರ್ಥ ‘ಹೇಳುವುದು’. ಒಟ್ಟು ಲೆಕ್ಕ ಹಾಕಿದಾಗ ಆರು ಮನೆಗಳಲ್ಲಿ ಹೊತ್ತು ಮೂಡಿತ್ತು, ಉಳಿದ ನಾಲ್ಕರಲ್ಲಿ ಬರೀ ಮಾತು.