ಪಾತ್ರೆಯ ತಳ ತೋರಿಸಿ ಸ್ವಾಮಿ!

ಪಾತ್ರೆ ಸಿಂಕಿನಲ್ಲಿ ನೆನೆಯುತ್ತಿದೆ. ಇವತ್ತಿಗೆ ಎರಡನೇ ದಿನ. ಬಿಸಿನೀರು ಹಾಕಿದ್ದಾಯಿತು, ಸೋಪು ಹಾಕಿದ್ದಾಯಿತು, ಅಡುಗೆ ಸೋಡಾ ಉದುರಿಸಿದ್ದಾಯಿತು. ತಳದಲ್ಲಿ ಡಾಂಬರು ಬಳಿದ ಹಾಗೆ ಕೂತಿರುವ ಸಕ್ಕರೆ ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿಲ್ಲ. ಅದರ ನಡುವೆ ಒಂದೇ ಒಂದು ಅರಳು, ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ, ಕಚ್ಚಿಕೊಂಡು ಕೂತಿದೆ. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಯಾರ ಹತ್ತಿರವಾದರೂ ಹೇಳಿಕೊಳ್ಳದಿದ್ದರೆ ನಾನೇ ಸಿಡಿದು ಹೋಗುತ್ತೇನೆ.

ನನ್ನ ಆಸೆ ದೊಡ್ಡದೇನೂ ಅಲ್ಲ. ಸಿಹಿ, ಉಪ್ಪು ಎರಡೂ ಇರುವ ಪಾಪ್‌ಕಾರ್ನ್, ಮನೆಯ ಒಲೆಯ ಮೇಲೆ. ಬರೀ ಉಪ್ಪಿನದ್ದನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡುತ್ತೇನೆ. ಆದರೆ ಆ ಇನ್ನೊಂದಿದೆಯಲ್ಲ, ಹಲ್ಲಿಗೆ ಸಿಕ್ಕ ಕೂಡಲೇ ಸಕ್ಕರೆಯ ತೆಳು ಪದರ ಕಟುಂ ಅಂತ ಒಡೆದು, ಅದರ ಹಿಂದೆಯೇ ನಾಲಿಗೆಗೆ ಚುರುಕ್ ಅಂತ ಉಪ್ಪು ತಾಗುತ್ತದಲ್ಲ, ಅದು ಬೇಕಿತ್ತು. ಮನೆಯವರೆಲ್ಲ ಸಿನಿಮಾ ನೋಡಲು ಕೂತಿದ್ದರು. 'ಇರಿ, ಎರಡೇ ನಿಮಿಷ' ಅಂತ ನಾನೇ ಜಂಬದಿಂದ ಎದ್ದು ಹೋದೆ.

ಎರಡು ನಿಮಿಷ ಅಂತ ನನಗೆ ಹೇಳಿದ್ದು ಒಂದು ವಿಡಿಯೋ. ಅದರಲ್ಲಿ ಏನಿತ್ತು ಕೇಳಿ. ಪಾತ್ರೆಗೆ ಎಣ್ಣೆ ಹಾಕಿ. ಜೋಳದ ಕಾಳು ಹಾಕಿ. ಸಕ್ಕರೆ ಹಾಕಿ. ಉಪ್ಪು ಹಾಕಿ. ಮುಚ್ಚಿ, ಮಧ್ಯಮ ಉರಿಯಲ್ಲಿಡಿ. ಅಷ್ಟೇ! ಮುಚ್ಚಳ ಮುಚ್ಚಿದ್ದು ತೋರಿಸುತ್ತಾರೆ. ಆಮೇಲೆ ಒಂದು ಸಂಗೀತ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಂಬಣ್ಣದ ಪಾಪ್‌ಕಾರ್ನ್ ದೊಡ್ಡ ಬಟ್ಟಲಿಗೆ ಸುರಿಯುತ್ತಿರುತ್ತದೆ. ಮುಚ್ಚಿದ್ದಕ್ಕೂ ಸುರಿದಿದ್ದಕ್ಕೂ ನಡುವೆ ಏನಾಯಿತು? ಆ ಪಾತ್ರೆಯ ತಳ ಹೇಗಿತ್ತು? ನಾನು ಇಂಥ ವಿಡಿಯೋ ಹತ್ತಾರು ನೋಡಿದ್ದೇನೆ. ಒಬ್ಬರಾದರೂ, ಒಬ್ಬರೇ ಒಬ್ಬರಾದರೂ, ಖಾಲಿಯಾದ ಪಾತ್ರೆಯನ್ನು ಓರೆ ಮಾಡಿ ತಳ ತೋರಿಸಿದ್ದಿಲ್ಲ.

ಸರಿ, ನಂಬಿದೆ. ಹೇಳಿದಂತೆಯೇ ಎಲ್ಲವನ್ನೂ ಒಟ್ಟಿಗೆ ಸುರಿದು ಮುಚ್ಚಿದೆ. ಒಂದು ನಿಮಿಷ ಸದ್ದಿಲ್ಲ. ಆಮೇಲೆ ಟಪ್. ಇನ್ನೊಂದು ಟಪ್. ಖುಷಿಯಾಯಿತು. ಚಟಪಟ ಜೋರಾಗುತ್ತಿದ್ದ ಹಾಗೆ ಮುಚ್ಚಳದ ಸಂದಿಯಿಂದ ಪಾಕದ ಘಮ ಬಂತು. ಆಹಾ ಅಂದುಕೊಂಡೆ. ಆ ಆಹಾ ಮುಗಿಯುವ ಮೊದಲೇ ಘಮ ಹೋಗಿ ಕಮಟು ಬಂತು. ಮುಚ್ಚಳ ತೆಗೆದರೆ ಹೊಗೆ. ಮೇಲಿನದು ಬೆಳ್ಳಗೆ, ಸಪ್ಪೆ. ಕೆಳಗಿನದು ಇದ್ದಿಲು. ನಡುವಿನದ್ದಕ್ಕೆ ಕೆಳಗಿನದರ ವಾಸನೆ. ಇನ್ನೂ ಅರ್ಧ ಕಾಳು ಸಿಡಿದೇ ಇರಲಿಲ್ಲ.

ಒಳಗಿನಿಂದ ಕೂಗು: 'ಏನೋ ಸೀದ ವಾಸನೆ ಬರ್ತಿದೆ!' ಹೌದೇನಪ್ಪ? ನನಗೆ ಗೊತ್ತೇ ಆಗಿರಲಿಲ್ಲ ನೋಡಿ!

ಇದು ನನ್ನ ಕೈಯ ತಪ್ಪು ಅಂತ ಆ ಕ್ಷಣಕ್ಕೆ ಅನ್ನಿಸಿತ್ತು. ಅಲ್ಲವೇ ಅಲ್ಲ. ಆಮೇಲೆ ಕೂತು ಓದಿದಾಗ ತಿಳಿದಿದ್ದು, ಇದು ಹುಟ್ಟಿನಿಂದಲೇ ಜಗಳದ ಜೋಡಿ. ಜೋಳದ ಕಾಳಿನೊಳಗೆ ಶೇಕಡಾ 13-14ರಷ್ಟು ನೀರಿರುತ್ತದೆ. ಬಿಸಿಯಾದಂತೆ ಆ ನೀರು ಆವಿಯಾಗಲು ನೋಡುತ್ತದೆ, ಗಟ್ಟಿ ಸಿಪ್ಪೆ ಬಿಡುವುದಿಲ್ಲ. ಒತ್ತಡ ಏರಿ ಏರಿ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಹತ್ತಿರ ಸಿಪ್ಪೆ ಸೋಲುತ್ತದೆ. ಒಳಗೆ ಮೆತ್ತಗಾಗಿದ್ದ ಪಿಷ್ಟ ನೊರೆಯ ಹಾಗೆ ಉಬ್ಬಿ ಹೊರಗೆ ಬಂದು, ಬಂದ ಕ್ಷಣದಲ್ಲೇ ಗಟ್ಟಿಯಾಗುತ್ತದೆ. ಅದೇ ನಾವು ತಿನ್ನುವ ಅರಳು. 2015ರಲ್ಲಿ ಫ್ರಾನ್ಸಿನ ಇಬ್ಬರು ವಿಜ್ಞಾನಿಗಳು ಇದನ್ನೇ ಕೂತು ಅಳೆದರು. 170 ಡಿಗ್ರಿಯಲ್ಲಿ ನೂರಕ್ಕೆ 34 ಕಾಳು ಮಾತ್ರ ಸಿಡಿದಿದ್ದವಂತೆ. 180ಕ್ಕೆ ಬಂದರೆ 96. ಅಂದರೆ ಆ ಹತ್ತು ಡಿಗ್ರಿಯಲ್ಲೇ ಎಲ್ಲ ಇರುವುದು. ಆ ಟಪ್ ಅನ್ನುವ ಸದ್ದು ಸಿಪ್ಪೆ ಒಡೆಯುವುದರದ್ದಲ್ಲ, ಒಳಗಿದ್ದ ಆವಿ ಒಮ್ಮೆಗೇ ನುಗ್ಗಿ ಹೊರಬರುವುದರದ್ದು ಅಂತಲೂ ಅವರೇ ಕಂಡುಕೊಂಡರು. ಪುಣ್ಯವಂತರು, ಸಕ್ಕರೆ ಹಾಕದೆ ಸಿಡಿಸಿದ್ದಾರೆ.

ಈಗ ಸಕ್ಕರೆಗೆ ಬನ್ನಿ. ಅದು ಕರಗಿ ಕಂದು ಬಣ್ಣಕ್ಕೆ ತಿರುಗಲು ಶುರುವಾಗುವುದು 160-170 ಡಿಗ್ರಿಯ ಆಸುಪಾಸಿನಲ್ಲಿ. 180 ದಾಟಿ ಇನ್ನೊಂಚೂರು ಮೇಲೆ ಹೋದರೆ ಕಹಿ. ಇನ್ನೂ ಸ್ವಲ್ಪ ಹೋದರೆ ಇದ್ದಿಲು. ಅಂದರೆ ಕಾಳು ಅರಳಲು ಬೇಕಾದ ಬಿಸಿಯೂ ಸಕ್ಕರೆ ಹಾಳಾಗುವ ಬಿಸಿಯೂ ಅಕ್ಕಪಕ್ಕದ ಮನೆಯವು. ಕಾಳು ಇನ್ನೂ ಎದ್ದು ಆಕಳಿಸುತ್ತಿರುವಾಗ ಸಕ್ಕರೆ ಸುಟ್ಟುಕೊಂಡು ಕೂತಿರುತ್ತದೆ. ಇಷ್ಟು ಸೂಕ್ಷ್ಮದ ವಿಷಯಕ್ಕೆ 'ಎಲ್ಲ ಒಟ್ಟಿಗೆ ಹಾಕಿ ಮುಚ್ಚಿ' ಅಂತ ಹೇಳುವುದು ಎಂಥ ಧೈರ್ಯ!

ಮತ್ತೆ ಆ 'ಮಧ್ಯಮ ಉರಿ'! ಯಾರ ಮಧ್ಯಮ? ಯಾವ ಒಲೆಯ ಮಧ್ಯಮ? ದಪ್ಪ ತಳದ ಪಾತ್ರೆಗೋ, ಪೇಪರಿನಷ್ಟು ತೆಳ್ಳಗಿರುವುದಕ್ಕೋ? ತೆಳು ತಳದಲ್ಲಿ ಉರಿ ಬಿದ್ದ ಜಾಗ ಮಾತ್ರ ಕಾದು ಕೆಂಡವಾಗುತ್ತದೆ, ಪಕ್ಕದ ಜಾಗ ತಣ್ಣಗಿರುತ್ತದೆ. ನನ್ನ ಪಾತ್ರೆಯ ಕಪ್ಪು ಕಲೆಯನ್ನು ಬಂದು ನೋಡಿ. ಬರ್ನರಿನ ತೂತುಗಳನ್ನು ಒಂದೊಂದಾಗಿ ಎಣಿಸಬಹುದು, ಅಚ್ಚು ಹಾಕಿದ ಹಾಗಿದೆ.

ಎರಡನೇ ಸಲ ಬೇರೆ ಪಾತ್ರೆ, ಬೇರೆ ಸಲಹೆ. 'ಸಿಡಿಯಲು ಶುರುವಾದ ಮೇಲೆ ಮುಚ್ಚಳ ತೆಗೆದು ಸಕ್ಕರೆ ಹಾಕಿ' ಅಂತ ಎಲ್ಲೋ ಬರೆದಿತ್ತು. ಬರೆದವರು ಆ ಮುಚ್ಚಳವನ್ನು ತಾವು ತೆಗೆದಿದ್ದಾರಾ? ನಾನು ತೆಗೆದೆ. ಒಂದು ಕೈಯಲ್ಲಿ ಮುಚ್ಚಳ, ಗುರಾಣಿಯ ಹಾಗೆ. ಇನ್ನೊಂದು ಕೈಯಲ್ಲಿ ಸಕ್ಕರೆಯ ಚಮಚ. ಮೊದಲನೇ ಕಾಳು ಕನ್ನಡಕಕ್ಕೆ ಬಡಿಯಿತು. ಎರಡನೆಯದು ಒಲೆಯ ಹಿಂದೆ. ಮೂರನೆಯದು ಇನ್ನೂ ಸಿಕ್ಕಿಲ್ಲ, ಇರುವೆಗಳಿಗೆ ಗೊತ್ತಿರಬೇಕು. ಸಕ್ಕರೆಯ ಅರ್ಧ ಪಾತ್ರೆಗೆ, ಅರ್ಧ ಉರಿಗೆ. ಪಾತ್ರೆಗೆ ಬಿದ್ದದ್ದೂ ಆಗಲೇ ಅರಳಿದ ಕಾಳಿನ ಮೇಲೆ ಕೂತು ಕರಗದೆ ಹಾಗೇ ಉಳಿಯಿತು. ತಿಂದರೆ ಮರಳು ಜಗಿದ ಹಾಗೆ. ಇಲ್ಲಿ ಒಂದು ಮಾತು ಸಿಟ್ಟು ಪಕ್ಕಕ್ಕಿಟ್ಟು ಹೇಳುತ್ತೇನೆ: ಕರಗಿದ ಸಕ್ಕರೆ ಚರ್ಮಕ್ಕೆ ಬಿದ್ದರೆ ಬಿಸಿನೀರಿನ ಹಾಗೆ ಹರಿದು ಹೋಗುವುದಿಲ್ಲ, ಅಂಟಿಕೊಂಡು ಸುಡುತ್ತಲೇ ಇರುತ್ತದೆ. ರುಚಿ ನೋಡಲು ಬೆರಳು ಅದ್ದಬೇಡಿ. ಮಕ್ಕಳನ್ನು ಒಲೆಯಿಂದ ದೂರ ಇಡಿ.

ಅಷ್ಟರಲ್ಲಿ ಸಲಹೆಗಾರರು ಒಬ್ಬೊಬ್ಬರೇ ಅಡುಗೆಮನೆಗೆ ಬಂದರು. 'ಎಣ್ಣೆ ಬದಲು ಬೆಣ್ಣೆ ಹಾಕಬೇಕಿತ್ತು.' ಬೆಣ್ಣೆಯಲ್ಲಿ ಶೇಕಡಾ 16ರಷ್ಟು ನೀರೇ ಇರುತ್ತದೆ ಮಾರಾಯರೇ, ಜೊತೆಗೆ ಹಾಲಿನ ಗಸಿ. ಕಾಳು ಅರಳುವ ಬಿಸಿಗೆ ಆ ಗಸಿ ಸಕ್ಕರೆಗಿಂತ ಮೊದಲೇ ಕಪ್ಪಾಗುತ್ತದೆ. 'ಸಿಹಿ ಬೇಕಾದರೆ ಸುಮ್ನೆ ಸ್ವೀಟ್ ಕಾರ್ನ್ ಹಾಕಬಾರದಿತ್ತಾ?' ಇದಕ್ಕೆ ನಾನು ಉತ್ತರ ಕೊಡಲಿಲ್ಲ. ಇಕ್ಕಳ ಕೈಯಲ್ಲಿತ್ತು, ಸುಮ್ಮನೆ ನೋಡಿದೆ. ಅವರೇ ಹೊರಟು ಹೋದರು.

ಮೂರನೇ ಸಲ ನಾನು ಯಾರ ಮಾತೂ ಕೇಳಲಿಲ್ಲ. ದಪ್ಪ ತಳದ ದೊಡ್ಡ ಪಾತ್ರೆ ತೆಗೆದೆ. ಅರ್ಧ ಕಪ್ ಕಾಳು, ಮೂರು ದೊಡ್ಡ ಚಮಚ ಎಣ್ಣೆ, ಮೂರು ಚಮಚ ಸಕ್ಕರೆ. ಮೊದಲು ಎಣ್ಣೆಗೆ ಮೂರೇ ಮೂರು ಕಾಳು. ಮೂರೂ ಸಿಡಿದ ಮೇಲೆ ಪಾತ್ರೆಯನ್ನು ಉರಿಯಿಂದ ಇಳಿಸಿ ಉಳಿದ ಕಾಳು ಸುರಿದೆ. ಮೂವತ್ತು ಎಣಿಸಿದೆ. ಎಲ್ಲ ಕಾಳೂ ಒಂದೇ ಸಮ ಬಿಸಿಯಾಗಲಿ ಅಂತ. ಆಮೇಲೆ ಸಕ್ಕರೆ ಹಾಕಿ ಒಮ್ಮೆ ತಿರುವಿ, ಮುಚ್ಚಿ, ಮತ್ತೆ ಉರಿಗೆ. ಅಲ್ಲಿಂದ ಕೈ ನಿಲ್ಲಿಸಲೇ ಇಲ್ಲ. ಎರಡೂ ಕೈಯಲ್ಲಿ ಹಿಡಿದು ಕುಲುಕಿದೆ, ಕುಲುಕಿದೆ, ಕುಲುಕಿದೆ. ಪಾತ್ರೆ ಕುಲುಕುವುದು ಬಿಟ್ಟರೆ ಸಕ್ಕರೆ ಒಂದೇ ಕಡೆ ನಿಲ್ಲುತ್ತದೆ, ನಿಂತರೆ ಸೀಯುತ್ತದೆ. ಮುಚ್ಚಳವನ್ನು ಒಂದು ಕೂದಲೆಳೆಯಷ್ಟು ಓರೆ ಬಿಟ್ಟಿದ್ದೆ. ಆವಿ ಹೊರಗೆ ಹೋಗದಿದ್ದರೆ ಅರಳು ಗರಿಗರಿ ಆಗುವುದಿಲ್ಲ, ರಬ್ಬರ್ ಆಗುತ್ತದೆ.

ಇಳಿಸುವ ಹೊತ್ತಿನದು ಇನ್ನೊಂದು ಕಥೆ. 'ಎರಡು ಸಿಡಿತದ ನಡುವೆ ಎರಡು ಸೆಕೆಂಡ್ ಬಿಡುವು ಬಂದಾಗ ಇಳಿಸಿ' ಅಂತ ಎಲ್ಲರೂ ಬರೆಯುತ್ತಾರೆ. ಉಪ್ಪಿನದ್ದಕ್ಕೆ ಅದು ಸರಿ. ಸಕ್ಕರೆ ಇದ್ದರೆ ಅಷ್ಟು ಕಾಯುವ ಹಾಗಿಲ್ಲ, ಆ ಎರಡು ಸೆಕೆಂಡ್ ಬರುವಷ್ಟರಲ್ಲಿ ತಳ ಹೋಗಿರುತ್ತದೆ. ಚಟಪಟ ಇನ್ನೂ ಕೇಳುತ್ತಿರುವಾಗಲೇ, ಸ್ವಲ್ಪ ಇಳಿಮುಖ ಆಯಿತು ಅನ್ನಿಸಿದ ಕೂಡಲೇ ಇಳಿಸಬೇಕು. ಹತ್ತಿಪ್ಪತ್ತು ಕಾಳು ಸಿಡಿಯದೆ ಉಳಿದರೆ ಉಳಿಯಲಿ ಬಿಡಿ. ಅವುಗಳಲ್ಲಿ ಕೆಲವು ಹೇಗೂ ಸಿಡಿಯುವುದಿಲ್ಲ. ಸಿಪ್ಪೆಯಲ್ಲಿ ಎಲ್ಲೋ ಸಣ್ಣ ಬಿರುಕಿದ್ದರೆ ಆವಿ ಅಲ್ಲಿಂದಲೇ ಸೋರಿ ಹೋಗುತ್ತದೆ.

ಆಯಿತು. ಬಂತು. ಹೊಂಬಣ್ಣ ಬಂತು, ಹೊಳಪೂ ಬಂತು. ಒಂದು ಬಾಯಿಗೆ ಹಾಕಿಕೊಂಡೆ. ಕಟುಂ. ನನಗೆ ನಿಜಕ್ಕೂ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಉಪ್ಪು? ಓಹ್, ಉಪ್ಪು! ಉಪ್ಪಿನ ಡಬ್ಬಿ ಹುಡುಕುವಷ್ಟರಲ್ಲಿ ಸಕ್ಕರೆ ಗಾಜಿನಂತೆ ಗಟ್ಟಿಯಾಗಿತ್ತು. ಮೇಲಿನಿಂದ ಉದುರಿಸಿದ ಹರಳುಪ್ಪು ಗಾಜಿನ ಮೇಲೆ ಜಾರುಬಂಡೆ ಆಡಿದ ಹಾಗೆ ನೇರ ಬಟ್ಟಲಿನ ತಳಕ್ಕೆ. ಮೊದಲೇ ಎಣ್ಣೆಗೆ ಹಾಕೋಣವೆಂದರೆ ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ತಳದಲ್ಲೇ ಕೂರುತ್ತದೆ. ಇದನ್ನಾದರೂ ಯಾರಾದರೂ ಹೇಳಬಾರದಿತ್ತಾ? ಉಪ್ಪನ್ನು ಮೊದಲೇ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ ಪಕ್ಕದಲ್ಲಿ ಇಟ್ಟುಕೊಂಡಿರಬೇಕು. ಪಾತ್ರೆ ಇಳಿಸಿದ ಮೇಲೆ, ಪಾಕ ಇನ್ನೂ ಅಂಟಂಟು ಇರುವಾಗ, ಅರ್ಧ ನಿಮಿಷದೊಳಗೆ ಉದುರಿಸಿ ಕಲಸಬೇಕು. ಪಾಕವಿಧಾನದಲ್ಲಿ ಇದಕ್ಕೆ ಕೊಟ್ಟಿದ್ದು ನಾಲ್ಕು ಪದ: 'ರುಚಿಗೆ ತಕ್ಕಷ್ಟು ಉಪ್ಪು ಹಾಕಿ'. ಯಾವಾಗ ಅಂತ ನಿಮ್ಮ ಹಣೆಬರಹ ನೋಡಿಕೊಳ್ಳಿ.

ಬಟ್ಟಲು ಒಳಗೆ ಹೋಯಿತು. ಸಿನಿಮಾದಲ್ಲಿ ಆಗಲೇ ಅರ್ಧ ಮುಗಿದಿತ್ತು. ಬಟ್ಟಲು ನಾನು ಕೂರುವ ಮೊದಲೇ ಖಾಲಿ. ನನ್ನ ಪಾಲಿಗೆ ಸಿಕ್ಕಿದ್ದು ತಳದಲ್ಲಿದ್ದ ಹರಳುಪ್ಪು ಮತ್ತು ಸಿಡಿಯದ ಕಾಳು. ಬಟ್ಟಲಿನ ಕೊನೆಯವರು ಯಾವಾಗಲೂ ಅದನ್ನೇ ತಿನ್ನುತ್ತಾರೆ. ಒಂದು ಕಾಳು ಕಚ್ಚಿದೆ, ಹಲ್ಲಿನ ಬುಡದವರೆಗೆ ಝುಂ ಅಂದಿತು. ಅದೇ ಹೊತ್ತಿಗೆ ಯಾರೋ ಪರದೆಯಿಂದ ಕಣ್ಣು ಕೀಳದೆ, ಬೆರಳು ನೆಕ್ಕುತ್ತಾ ಅಂದರು: 'ಚೆನ್ನಾಗಿದೆ. ಉಪ್ಪು ಸ್ವಲ್ಪ ಕಡಿಮೆ ಆಯ್ತು.'

ಹೇಳಿದವರು ಯಾರು ಅಂತ ಬರೆಯುವುದಿಲ್ಲ. ಒಂದೇ ಮನೆಯಲ್ಲಿ ಇರಬೇಕಲ್ಲ.

ಮೂರನೇ ಪಾತ್ರೆ ಬಿಸಿನೀರಿಗೆ ಸಲೀಸಾಗಿ ಬಿಟ್ಟಿತು. ಪಾಕ ಬರೀ ಕಂದು ಬಣ್ಣದಲ್ಲಿದ್ದರೆ ನೀರಿಗೆ ಕರಗುತ್ತದೆ. ಮೊದಲನೆಯದ್ದು ಕರಗುವುದಿಲ್ಲ, ಯಾಕೆಂದರೆ ಅದು ಈಗ ಸಕ್ಕರೆಯೇ ಅಲ್ಲ. ಸ್ಟೀಲ್ ಸ್ಕ್ರಬ್ಬರಿನ ಎಳೆಗಳೆಲ್ಲ ಬಿಚ್ಚಿಕೊಂಡಿವೆ, ಬೆರಳ ತುದಿ ಕೆಂಪಗಾಗಿದೆ, ಉಜ್ಜಿದ್ದಕ್ಕೆ ಸಾಕ್ಷಿ ಅಂತ ತಳದಲ್ಲಿ ಒಂದು ನಾಣ್ಯದಷ್ಟು ಜಾಗ ಬೆಳ್ಳಗಾಗಿದೆ. ಅದರ ಫೋಟೋ ತೆಗೆದು ಆ 'ಎರಡೇ ನಿಮಿಷ'ದ ವಿಡಿಯೋ ಮಾಡಿದವರಿಗೆ ಕಳಿಸೋಣ ಅಂತಿದ್ದೇನೆ. ಓರೆ ಮಾಡಿ, ಬೆಳಕಿಗೆ ಹಿಡಿದು, ತಳ ಸರಿಯಾಗಿ ಕಾಣುವ ಹಾಗೆ.